ಬುಧವಾರದ ತಕ್ಕಡಿ

ನಮ್ಮ ವರ್ಕ್‌ಶಾಪಿನಲ್ಲಿ ಅವಳನ್ನು ಎಲ್ಲರೂ ಗುಲಗಂಜಿ ಅಂತಲೇ ಕರೆಯುವುದು. ಆಳನ್ನು ನೋಡಿದರೆ ಆ ಹೆಸರು ಒಪ್ಪುವುದೇ ಇಲ್ಲ. ಎತ್ತರದ ಮೈಕಟ್ಟು, ಅಗಲ ಭುಜ, ಎಷ್ಟು ತಿಕ್ಕಿದರೂ ಗ್ರೀಸಿನ ಗೆರೆ ಹೋಗದ ದೊಡ್ಡ ಕೈ. ಹೆಸರು ಬಂದದ್ದು ಆ ಕೈಯಿಂದಲೇ; ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದದ್ದು ಗುಲಗಂಜಿಯಿಂದಲ್ಲವೇ. ಒಂದು ಕಿಲೋ ಕಲ್ಲನ್ನು (ಕಲ್ಲು ಅಂದರೂ ಅದು ಕಬ್ಬಿಣದ್ದು) ಎಡಗೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, "ಇದು ಸವೆದಿದೆ, ಇಪ್ಪತ್ತು ಗ್ರಾಂ ಕಮ್ಮಿ" ಅನ್ನುತ್ತಿದ್ದಳು. ತಕ್ಕಡಿಗೆ ಹಾಕಿದರೆ ಹದಿನೆಂಟೋ ಇಪ್ಪತ್ತೆರಡೋ ಇರುತ್ತಿತ್ತು. ಯಜಮಾನರು ನಗುತ್ತಾ, "ಇವಳ ಕೈಗೇ ಒಂದು ಸರ್ಕಾರಿ ಮುದ್ರೆ ಒತ್ತಿಸಿಬಿಡೋಣ" ಅನ್ನುತ್ತಿದ್ದರು.

ನಮ್ಮದು ತಕ್ಕಡಿ ರಿಪೇರಿಯ ವರ್ಕ್‌ಶಾಪು. ತರಕಾರಿ ಅಂಗಡಿಯ ತಕ್ಕಡಿಯಿಂದ ಹಿಡಿದು ಗೋಡೌನಿನಲ್ಲಿ ಮೂಟೆ ತೂಗುವ ತಕ್ಕಡಿಯವರೆಗೆ ಎಲ್ಲವೂ ಇಲ್ಲಿಗೆ ಬರುತ್ತವೆ. ನಾನು ಬಾಗಿಲ ಪಕ್ಕದ ಮೇಜಿನಲ್ಲಿ ಕುಳಿತು ಬಂದ ತಕ್ಕಡಿಗೆ ಚೀಟಿ ಕಟ್ಟುವವಳು. ಅವಳು ನನ್ನೆದುರಿನ ಬೆಂಚಿನಲ್ಲಿ ಸ್ಪ್ರಿಂಗ್ ಬದಲಿಸಿ ಮುಳ್ಳು ಕೂರಿಸುವವಳು. ಹನ್ನೊಂದು ವರ್ಷ ಎದುರುಬದುರು ಕೂತಿದ್ದೇವೆ. ಅವಳು ಮೂವತ್ತೇಳಕ್ಕೆ ಬಸುರಿಯಾದಾಗ ಆ ಸುದ್ದಿ ಮೊದಲು ಹೇಳಿದ್ದು ನನಗೆ. ಅವಳ ಗಂಡ ದೂರದ ಬಸ್ಸಿನ ಡ್ರೈವರು, ಆ ದಿನ ಊರಲ್ಲಿರಲಿಲ್ಲ ಅನ್ನುವುದೂ ಒಂದು ಕಾರಣ. ಆದರೆ ನಾನು ಆ ಕಾರಣವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಈಗಲೂ ಅವಳು ನನ್ನೆದುರಿಗೇ ಕೂರುತ್ತಾಳೆ. ಮಾತು ಮಾತ್ರ ಕಮ್ಮಿ. ಅವಳ ಮೇಲೆ ನನಗೆ ಇನ್ನೂ ಸಿಟ್ಟಿದೆ. ನನ್ನ ಮೇಲೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಹೆರಿಗೆಯಾದ ಮೇಲೆ ಅವಳಿಗೆ ಆರು ತಿಂಗಳು ರಜೆ. ಮೂರನೇ ಮಹಡಿಯ ಎರಡು ಕೋಣೆಯ ಬಾಡಿಗೆ ಮನೆ. ತಾಯಿ ತೀರಿಹೋಗಿ ವರ್ಷಗಳಾಗಿವೆ. ಅತ್ತೆ ಬೇರೆ ಊರಿನಿಂದ ಬಂದು ಹದಿನೈದು ದಿನ ಇದ್ದು, ಮಂಡಿನೋವು ಅಂತ ಹೊರಟುಹೋದರು. ಗಂಡ ವಾರಕ್ಕೆ ಎರಡು ದಿನ ಮನೆಯಲ್ಲಿ, ಆ ಎರಡು ದಿನವೂ ನಿದ್ದೆಯಲ್ಲಿ. ಮಿಕ್ಕ ದಿನ ಅವಳು, ಮಗಳು, ಮತ್ತೆ ಅರವತ್ತೆರಡು ಮೆಟ್ಟಿಲು. ಒಂದು ದಿನ ಹನ್ನೊಂದು ಗಂಟೆಗೆ ವರ್ಕ್‌ಶಾಪಿಗೆ ಫೋನ್ ಮಾಡಿದಳು. ಏನು ಬೇಕು ಅಂದೆ. "ಏನೂ ಇಲ್ಲ ಅಕ್ಕ. ಫೋನ್ ಇಡ್ಬೇಡಿ, ಅಲ್ಲೇ ಮೇಜಿನ ಮೇಲಿಡಿ. ಸ್ವಲ್ಪ ಹೊತ್ತು ಅರದ ಸದ್ದು ಕೇಳ್ತೀನಿ" ಅಂದಳು. ನಾನು ಫೋನನ್ನು ಮೇಜಿನ ಮೇಲಿಟ್ಟು ಚೀಟಿ ಬರೆಯುತ್ತಾ ಕೂತೆ. ಕಾಲು ಗಂಟೆಯಾದ ಮೇಲೆ ಎತ್ತಿ ನೋಡಿದರೆ ಇನ್ನೂ ಆ ಕಡೆ ಉಸಿರು ಕೇಳುತ್ತಿತ್ತು. ನನಗೆ ಸಂಕಟವಾಯಿತು.

ಆ ಭಾನುವಾರವೇ ಮಗುವಿಗೊಂದು ಫ್ರಾಕು ಹಿಡಿದು ಹೋದೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕೂತು, ವರ್ಕ್‌ಶಾಪಿನ ಸುದ್ದಿಯೆಲ್ಲ ಹೇಳಿದೆ. ಮೀನಿನಂಗಡಿಯವನ ತಕ್ಕಡಿಯೊಳಗೆ ಜಿರಲೆ ಸಂಸಾರ ಸಿಕ್ಕಿದ ಕತೆ ಹೇಳಿದರೆ ಮೊದಲಾದರೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಈಗ ಕೂತಲ್ಲೇ ತೂಕಡಿಸಿದಳು. ಎಚ್ಚರವಾದ ಮೇಲೆ ಅವಳು ಹೇಳಿದ್ದು ಹಾಲು ಕುಡಿಸುವಾಗಿನ ನೋವಿನ ಬಗ್ಗೆ. ನನಗೆ ಮಕ್ಕಳಿಲ್ಲ, ಮದುವೆಯೂ ಆಗಿಲ್ಲ. ಆದರೂ ಐವತ್ತು ವರ್ಷ ಬದುಕಿದ್ದೇನಲ್ಲ ಅಂತ ಏನೋ ಒಂದು ಸಲಹೆ ಕೊಟ್ಟೆ.

"ಅದು ನಿಮಗೆ ಗೊತ್ತಾಗಲ್ಲ ಅಕ್ಕ" ಅಂದಳು.

ಒರಟಾಗಿ ಅನ್ನಲಿಲ್ಲ, ಸುಸ್ತಾಗಿ ಅಂದಳು. ಆದರೆ ನನ್ನ ಕಿವಿಗೆ ಕಾದ ಸೀಸದ ಹಾಗೆ ಬಿತ್ತು. ಅವತ್ತು ಮೆಟ್ಟಿಲಿಳಿಯುವಾಗ, ಸರಿಯಮ್ಮ, ಗೊತ್ತಾಗುವವರನ್ನೇ ಹುಡುಕಿಕೋ ಅಂದುಕೊಂಡೆ. ಅವಳು ಹುಡುಕಿಕೊಂಡಳು.

ಮಗುವಿಗೆ ಆರು ವಾರವಾದಾಗ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು, ಸೂಜಿ ಹಾಕಿಸಬೇಕು. ಆಮೇಲೆ ಎರಡು ವಾರಕ್ಕೊಂದು ಬುಧವಾರ ತೂಕ ನೋಡಿಸಬೇಕು. ಅಲ್ಲಿಯ ನರ್ಸು, ಎಲ್ಲರೂ ಸಿಸ್ಟರ್ ಅನ್ನುವವರು, ಮಗುವನ್ನು ತಟ್ಟೆಯ ಮೇಲೆ ಮಲಗಿಸಿ, ಮುಳ್ಳು ನಿಂತ ಜಾಗ ನೋಡಿ, ಕಾರ್ಡಿನಲ್ಲಿ ಬರೆದು ಕೊಡುತ್ತಾರೆ. ಹೊರಗೆ ಒಂದು ಉದ್ದ ಬೆಂಚು. ಆ ಬೆಂಚಿನ ಮೇಲೆ ಮೊದಲ ಬುಧವಾರ ಗುಲಗಂಜಿಯ ಪಕ್ಕ ಇಬ್ಬರು ಕೂತಿದ್ದರು. ಒಬ್ಬಳು ಪ್ರೈಮರಿ ಶಾಲೆಯ ಟೀಚರ್. ಚೆನ್ನಾಗಿ ಮಾತಾಡುವವಳು, ಬೆಂಚಿಗೇ ಹೆಡ್‌ಮಿಸ್ಸು. ಇನ್ನೊಬ್ಬಳು ಗಂಡನ ಜೊತೆ ಲಾಂಡ್ರಿ ನಡೆಸುವ ಹುಡುಗಿ, ಇಪ್ಪತ್ತೆರಡು ವರ್ಷ, ಕಡ್ಡಿಯ ಹಾಗಿದ್ದಳು. ಇಬ್ಬರಿಗೂ ಗಂಡುಮಕ್ಕಳು, ಇಬ್ಬರದೂ ಅದೇ ವಾರದ ಹೆರಿಗೆ.

ಟೀಚರ್ ಗುಲಗಂಜಿಯ ಮುಂದಲೆಯ ಬಿಳಿಕೂದಲು ನೋಡಿ, "ಮೊಮ್ಮಗಳಾ ಅಮ್ಮಾ?" ಅಂತ ಕೇಳಿಬಿಟ್ಟಳು.

ನಾನಾಗಿದ್ದರೆ ಎದ್ದು ಹೋಗುತ್ತಿದ್ದೆ. ಗುಲಗಂಜಿ ಮಾತ್ರ, "ಮಗಳೇ ಕಣ್ರೀ. ಅಂಗಡಿ ಬಾಗಿಲು ತೆಗೆದಿದ್ದು ಸ್ವಲ್ಪ ಲೇಟು" ಅಂದಳಂತೆ. ಟೀಚರ್ ನಾಲಿಗೆ ಕಚ್ಚಿಕೊಂಡಳು, ಲಾಂಡ್ರಿ ಹುಡುಗಿ ಬಾಯಿಗೆ ಸೆರಗು ಅಡ್ಡ ಹಿಡಿದು ಕಿಸಕ್ಕೆಂದಳು, ಆಮೇಲೆ ಮೂವರೂ ಸೇರಿ ಸಿಸ್ಟರ್ ಬಂದು ಗದರಿಸುವವರೆಗೆ ನಕ್ಕರು. ತೂಕ ಮುಗಿದ ಮೇಲೆ ಎದುರಿನ ಬೇಕರಿಯಲ್ಲಿ ಟೀ ಕುಡಿದರು. ಒಬ್ಬಳು ಕುಡಿಯುವಾಗ ಇನ್ನಿಬ್ಬರು ಮಕ್ಕಳನ್ನು ಹಿಡಿದುಕೊಳ್ಳಬೇಕು. ಆರು ವಾರದಲ್ಲಿ ಬಿಸಿ ಆರದ ಟೀ ಕುಡಿದದ್ದು ಅದೇ ಮೊದಲು ಅಂತ ಆ ಸಂಜೆ ಫೋನಿನಲ್ಲಿ ಹೇಳುವಾಗ ಅವಳ ದನಿಯೇ ಬೇರೆಯಾಗಿತ್ತು.

ಅಲ್ಲಿಂದ ಅವಳ ಬಾಯಲ್ಲಿ ಬರೀ ಬುಧವಾರ. ಟೀಚರ್ ಹಾಗಂದಳು, ಲಾಂಡ್ರಿ ಹುಡುಗಿ ಹೀಗಂದಳು. ಅವರದೊಂದು ಆಟವೂ ಶುರುವಾಯಿತು. ಆ ಸಲ ಯಾರ ಮಗುವಿನ ತೂಕ ಹೆಚ್ಚು ಏರಿದೆಯೋ ಆ ಮಗು ಆ ಬುಧವಾರದ ಪೈಲ್ವಾನ್. ಪೈಲ್ವಾನನ ಅಮ್ಮನ ಚೀಲವನ್ನು ಉಳಿದಿಬ್ಬರು ಬೇಕರಿಯವರೆಗೆ ಹೊರಬೇಕು. ಮದುವೆ ಮನೆಯ ಬೀಗರ ಹಾಗೆ ಮುಂದೆ ಕೈಬೀಸಿಕೊಂಡು ಪೈಲ್ವಾನನ ಅಮ್ಮ, ಹಿಂದೆ ಚೀಲ ಹೊತ್ತ ಸೇವಕಿಯರು. ಇದನ್ನೆಲ್ಲ ಕೇಳುತ್ತಾ ನಾನು ಹೂಂ ಹೂಂ ಅನ್ನುತ್ತಿದ್ದೆ. ನನಗೆ ಹೊಟ್ಟೆಕಿಚ್ಚಿತ್ತು. ಇಲ್ಲ ಅಂದರೆ ಸುಳ್ಳಾದೀತು.

ಹತ್ತನೇ ವಾರದ ಬುಧವಾರ, ಮಗುವನ್ನು ಎದೆಗೆ ಕಟ್ಟಿಕೊಂಡು ಅವಳು ನೇರ ವರ್ಕ್‌ಶಾಪಿಗೇ ಬಂದಳು. ಮುಖ ಗಂಟಿಕ್ಕಿತ್ತು. ಮಗುವಿನ ಚೀಲದಿಂದ, ಒಗೆದು ಮಡಿಸಿದ ಬಟ್ಟೆಗಳ ನಡುವಿನಿಂದ, ಮುದ್ರೆ ಒತ್ತಿದ ಎರಡು ಕಿಲೋ ಕಲ್ಲು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಅದು ನಮ್ಮದೇ ಕಲ್ಲು. ಮನೆಗೆ ಯಾವಾಗ ಒಯ್ದಿದ್ದಳೋ.

"ಅಲ್ಲಿರೋ ತಕ್ಕಡಿ ಸುಳ್ಳು ಹೇಳ್ತಿದೆ ಅಕ್ಕ" ಅಂದಳು.

ಎಂಟನೇ ವಾರವೇ ಅವಳಿಗೆ ಅನುಮಾನ ಬಂದಿತ್ತಂತೆ. ಮಗಳನ್ನು ತಟ್ಟೆಯಿಂದ ಎತ್ತಿಕೊಂಡಾಗ ಕೈ ಒಂದು ಹೇಳಿತು, ಕಾರ್ಡು ಇನ್ನೊಂದು ಹೇಳಿತು. ಹೆತ್ತ ಕೈ, ಮೋಹಕ್ಕೆ ತಪ್ಪಿರಬಹುದು ಅಂದುಕೊಂಡು ಈ ಸಲ ಕಲ್ಲು ಒಯ್ದಿದ್ದಳು. ಸಿಸ್ಟರ್ ಔಷಧಿ ತರಲು ಒಳಗೆ ಹೋದಾಗ ತಟ್ಟೆಯ ಮೇಲಿಟ್ಟಳು. ಮುಳ್ಳು ಎರಡು ಕಿಲೋ ದಾಟಿ ನೂರಿಪ್ಪತ್ತು ಗ್ರಾಮಿಗೆ ಹೋಗಿ ನಿಂತಿತು. ಕಲ್ಲು ತೆಗೆದರೆ ಸರಿಯಾಗಿ ಸೊನ್ನೆಗೆ ಬಂತು. ಅದಕ್ಕೇ ಯಾರಿಗೂ ಅನುಮಾನವಿಲ್ಲ. ಖಾಲಿ ಇದ್ದಾಗ ಸೊನ್ನೆ ತೋರಿಸುವ ತಕ್ಕಡಿಯನ್ನು ಎಲ್ಲರೂ ನಂಬುತ್ತಾರೆ. ಒಳಗಿನ ಸ್ಪ್ರಿಂಗ್ ಹಳತಾಗಿ ಸಡಿಲಬಿದ್ದಿದೆ, ಭಾರ ಬಿದ್ದಾಗ ಬೇಕಾದ್ದಕ್ಕಿಂತ ಹೆಚ್ಚು ಜಗ್ಗುತ್ತದೆ. ಇಂಥದ್ದನ್ನು ನಾವು ವಾರಕ್ಕೆ ನಾಲ್ಕು ನೋಡುತ್ತೇವೆ.

"ಅದಕ್ಕೇನು, ಸಿಸ್ಟರ್‌ಗೆ ಹೇಳು. ಅರ್ಧ ಗಂಟೆ ಕೆಲಸ. ಯಜಮಾನರಿಗೆ ಹೇಳಿ ನಾನೇ ತರಿಸ್ತೀನಿ" ಅಂದೆ.

ಅವಳು ಮಗುವಿನ ಬೆನ್ನು ತಟ್ಟುತ್ತಾ ನಿಂತಳು. "ಈಗಲೇ ಬೇಡ ಅಕ್ಕ."

"ಯಾಕೆ?"

"ಇವತ್ತು ಲಾಂಡ್ರಿ ಹುಡುಗಿ ಎಷ್ಟು ಖುಷಿಯಾಗಿದ್ಲು ಗೊತ್ತಾ? ಅವಳ ಅತ್ತೆ ದಿನಾ ಅಂತಾರಂತೆ, ನಿನ್ನ ಹಾಲಲ್ಲಿ ಸತ್ವ ಇಲ್ಲ ಅಂತ. ಇವತ್ತು ಕಾರ್ಡಲ್ಲಿ ನಾಲ್ಕು ಕಿಲೋ ಒಂಬೈನೂರು ಬಂತು. ಮನೆಗೆ ಹೋಗಿ ಅತ್ತೆ ಮುಖಕ್ಕೆ ಹಿಡೀತೀನಿ ಅಂತ ಕುಣಿದಾಡಿದ್ಲು. ಈಗ ನಾನು ಹೋಗಿ, ಅಲ್ಲಮ್ಮ, ನಿನ್ನ ಮಗ ನಾಲ್ಕು ಆರುನೂರು ಅಂತ ಹೇಳ್ಲಾ? ಟೀಚರ್ ಏನಂತಾರೆ? ಬಂದು ಒಂದು ತಿಂಗಳಾಗಿಲ್ಲ, ಎಲ್ಲರ ಮಕ್ಕಳ ಮೈ ಇಳಿಸಿಬಿಟ್ಲು ಅನ್ನಲ್ವಾ?"

"ಇರೋದನ್ನ ಇದ್ದ ಹಾಗೆ ಹೇಳೋದಲ್ವಾ ನಮ್ಮ ಕೆಲಸ?"

"ರಜೆಯಲ್ಲಿದ್ದೀನಿ ಅಕ್ಕ" ಅಂತ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಎಲ್ಲರಿಗೂ ಒಂದೇ ಥರ ಜಾಸ್ತಿ ತೋರಿಸ್ತಿದೆ. ಮಕ್ಕಳು ಆರೋಗ್ಯವಾಗೇ ಇದ್ದಾವೆ. ಯಾರಿಗೇನು ನಷ್ಟ? ಇನ್ನೊಂದೆರಡು ಸಲ ಹೋಗ್ಲಿ, ಸಲಿಗೆ ಬೆಳೀಲಿ, ಆಮೇಲೆ ನಾನೇ ಹೇಳ್ತೀನಿ" ಅಂದಳು.

ನಾನು ಫೋನೆತ್ತಿ ಆರೋಗ್ಯ ಕೇಂದ್ರಕ್ಕೆ ಹೇಳಬಹುದಿತ್ತು. ನಂಬರು ನನ್ನ ಮೇಜಿನ ಗಾಜಿನ ಕೆಳಗೇ ಇತ್ತು. ಯಜಮಾನರಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ. ಅವಳ ಗೆಳತಿಯರು, ಅವಳ ತಲೆನೋವು ಅಂತ ಕೈತೊಳೆದುಕೊಂಡೆ. ಇನ್ನೂ ನಿಜ ಹೇಳಬೇಕೆಂದರೆ, ಒಂದಲ್ಲ ಒಂದು ದಿನ ಆ ತಕ್ಕಡಿಯ ಗುಟ್ಟು ರಟ್ಟಾಗಿ ಮೂವರಿಗೂ ಜಗಳ ಹತ್ತಲಿ, ಇವಳು ನನ್ನ ಮೇಜಿನ ಎದುರಿಗೆ ವಾಪಸ್ ಬರಲಿ ಅಂತ ನನ್ನೊಳಗೆಲ್ಲೋ ಆಸೆಯಿತ್ತು. ನನಗೆ ಗೊತ್ತಾಗುವುದಿಲ್ಲ ಅಂದವಳಲ್ಲವೇ.

ಎರಡು ಸಲ ಅಂದದ್ದು ಐದಾಯಿತು. ಸಲಿಗೆ ಬೆಳೆದಷ್ಟೂ ಹೇಳುವುದು ಸುಲಭವಾಗುತ್ತದೆ ಅಂದುಕೊಂಡಿದ್ದಳು, ಆದದ್ದು ಉಲ್ಟಾ. ಹತ್ತನೇ ವಾರ ಹೇಳಿದ್ದರೆ ಅದೊಂದು ಸುದ್ದಿ. ಹನ್ನೆರಡನೇ ವಾರ ಹೇಳಿದರೆ, ಹೋದ ಸಲ ಯಾಕೆ ಹೇಳಲಿಲ್ಲ ಅನ್ನುವ ಪ್ರಶ್ನೆ. ಹದಿನಾಲ್ಕನೇ ವಾರಕ್ಕೆ ಬಾಯಿಗೆ ತಾನಾಗಿ ಬೀಗ ಬಿತ್ತು. ಅಷ್ಟರಲ್ಲಿ ಟೀಚರ್ ಅವಳಿಗೆ ಒಂದು ಸೀರೆ ಕೊಟ್ಟಿದ್ದಳು, ಹೆರಿಗೆಗೆ ಮುಂಚಿನ ರವಿಕೆಗಳು ಹಿಡಿಸದ ಸಂಕಟವನ್ನು ಇಬ್ಬರೂ ಹಂಚಿಕೊಂಡಿದ್ದರು. ಲಾಂಡ್ರಿ ಹುಡುಗಿ ಮಗಳ ಫ್ರಾಕುಗಳನ್ನೆಲ್ಲ ಇಸ್ತ್ರಿ ಮಾಡಿ ಕಾಗದದಲ್ಲಿ ಸುತ್ತಿ ತಂದುಕೊಡುತ್ತಿದ್ದಳು. ನಾನು ಕೊಟ್ಟ ಫ್ರಾಕೂ ಅದರಲ್ಲಿತ್ತು.

ಹದಿನಾರನೇ ವಾರ ಟೀಚರ್ ಮಗನಿಗೆ ನೆಗಡಿ, ಗುಲಗಂಜಿಯ ಮಗಳಿಗೆ ಹೊಟ್ಟೆ ಕೆಟ್ಟಿತ್ತು. ಇಬ್ಬರ ತೂಕವೂ ಮೇಲೇಳಲಿಲ್ಲ. ಲಾಂಡ್ರಿ ಹುಡುಗಿಯ ಮಗ ನೂರು ಗ್ರಾಂ ಏರಿದ್ದ. ಮೊದಲ ಸಲ ಅವನು ಪೈಲ್ವಾನ್. ಆ ಹುಡುಗಿಗೆ ಸಂಭ್ರಮ ತಡೆಯಲಾಗಲಿಲ್ಲ. ಚೀಲವನ್ನಷ್ಟೇ ಅಲ್ಲ, "ಇವತ್ತು ಪೈಲ್ವಾನ್‌ರನ್ನೂ ನೀವೇ ಹೊರಬೇಕು ಅಕ್ಕ" ಅಂತ ಮಗನನ್ನು ಗುಲಗಂಜಿಯ ಕೈಗೆ ಕೊಟ್ಟಳು.

ಕೈಗೆ ಬಂದ ಕೂಡಲೇ ಗೊತ್ತಾಯಿತಂತೆ. ಅದೇ ನಾಲ್ಕು ಆರುನೂರು. ಹನ್ನೆರಡನೇ ವಾರ ಎತ್ತಿಕೊಂಡಾಗಲೂ ಅಷ್ಟೇ ಇತ್ತು, ಹದಿನಾಲ್ಕನೇ ವಾರವೂ ಅಷ್ಟೇ. ಕಾರ್ಡಿನಲ್ಲಿ ಏರುತ್ತಿತ್ತು, ಕೈಯಲ್ಲಿ ಏರುತ್ತಿರಲಿಲ್ಲ. ತಕ್ಕಡಿ ನಿಂತಲ್ಲಿ ನಿಂತಿರಲಿಲ್ಲ. ವಾರವಾರವೂ ಸ್ಪ್ರಿಂಗ್ ಇನ್ನಷ್ಟು ಸಡಿಲವಾಗುತ್ತಾ, ಇನ್ನಷ್ಟು ಜಗ್ಗುತ್ತಾ ಹೋಗುತ್ತಿತ್ತು. ಆರು ವಾರದಲ್ಲಿ ಬೆಳೆದದ್ದು ಮಗುವಲ್ಲ, ಸ್ಪ್ರಿಂಗು.

ಇದನ್ನು ಅವಳು ಆ ಸಂಜೆಯೇ ನನಗೆ ಫೋನಿನಲ್ಲಿ ಹೇಳಿದಳು. ಹೇಳುತ್ತಾ ಅತ್ತಳು.

"ಎಲ್ಲರಿಗೂ ಒಂದೇ ಥರ ಅಂದೆಯಲ್ಲ" ಅಂದೆ. ಚುಚ್ಚಿದ್ದು ನಾನೇ, ಬೇಕೆಂದೇ ಚುಚ್ಚಿದೆ.

"ಕೈ ತಪ್ಪಿರಬಹುದು ಅಲ್ವಾ ಅಕ್ಕ? ರಜೆಯಲ್ಲಿ ಕೂತು ಕೂತು ಕೈ ಅಭ್ಯಾಸ ತಪ್ಪಿರಬಹುದು."

ಹನ್ನೊಂದು ವರ್ಷದಲ್ಲಿ ಆ ಕೈ ತಪ್ಪಿದ್ದನ್ನು ನಾನು ಕಂಡಿಲ್ಲ. ಆದರೂ "ಇರಬಹುದು" ಅಂದೆ. ಅವಳಿಗೆ ಆಗ ಬೇಕಿದ್ದದ್ದು ಅದೊಂದೇ ಮಾತು, ನನಗೂ ಫೋನ್ ಇಡಬೇಕಿತ್ತು. "ಮುಂದಿನ ಸಲ ಖಂಡಿತ ಹೇಳ್ತೀನಿ" ಅಂದಳು. ಹದಿನೆಂಟನೇ ವಾರ ಟೀಚರ್ ಊಟಕ್ಕೆ ಕರೆದಳು ಅಂತ ಹೇಳಲಿಲ್ಲ. ಇಪ್ಪತ್ತನೇ ವಾರ ಯಾಕೆ ಹೇಳಲಿಲ್ಲವೋ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅದಾಗಿ ಐದನೇ ದಿನ, ಸೋಮವಾರ ಬೆಳಿಗ್ಗೆ, ಅವಳು ಮೆಟ್ಟಿಲಿಳಿದು ಓಡಿಬಂದ ಹಾಗೆ ವರ್ಕ್‌ಶಾಪಿಗೆ ಬಂದಳು. ಮಗುವಿನ ಕಾಲಿಗೆ ಒಂದೇ ಸಾಕ್ಸ್. ಲಾಂಡ್ರಿ ಹುಡುಗಿ ಫೋನ್ ಮಾಡಿದ್ದಳಂತೆ. ಮಗುವಿಗೆ ಎರಡು ದಿನದಿಂದ ಜ್ವರ, ಹಾಲು ಕುಡಿಯುವುದನ್ನೇ ಬಿಟ್ಟಿದೆ, ದೊಡ್ಡಾಸ್ಪತ್ರೆಗೆ ಸೇರಿಸಿದ್ದಾರೆ. ಅಲ್ಲಿಯ ತಕ್ಕಡಿಯಲ್ಲಿ ಹಾಕಿದರೆ ನಾಲ್ಕು ಆರುನೂರು. ಕಾರ್ಡಿನಲ್ಲಿ ಐದು ದಿನದ ಹಿಂದೆ ಬರೆದದ್ದು ಐದು ಕಿಲೋ ಇನ್ನೂರು. ಐದು ದಿನದಲ್ಲಿ ಆರುನೂರು ಗ್ರಾಂ ಇಳಿಯಬೇಕಾದರೆ ಮಗುವಿಗೆ ಏನು ಮಾಡಿದಿರಿ ಅಂತ ಡಾಕ್ಟರು ಗದರಿಸಿದ್ದಾರೆ. ಐದು ದಿನದಲ್ಲಿ ಏನಾಯಿತು ಅಂತ ಎಲ್ಲರೂ ಹುಡುಕುತ್ತಿದ್ದಾರೆ. ಅತ್ತೆ ಮಗುವನ್ನು ಸೊಸೆಯ ಕೈಗೆ ಕೊಡುತ್ತಿಲ್ಲ.

"ಅಕ್ಕಾ, ನೀವು ತಕ್ಕಡಿ ಕೆಲಸದವರಲ್ವಾ, ಬಂದು ಒಂದು ಮಾತು ಹೇಳಿ, ಆ ತಕ್ಕಡಿ ಸರಿ ಇಲ್ದೇ ಇರಬಹುದು ಅಂತ ಹೇಳಿ, ಅಂದ್ಲು ಅಕ್ಕ" ಅಂತ ಗುಲಗಂಜಿ ಬೆಂಚು ಹಿಡಿದು ನಿಂತಳು.

ಕಲ್ಲಿನ ಪೆಟ್ಟಿಗೆ ನಾನು ಹಿಡಿದುಕೊಂಡೆ. ಅವಳ ಕೈಯಲ್ಲಿ ಮಗು ಇತ್ತಲ್ಲ. ಮೊದಲು ಆರೋಗ್ಯ ಕೇಂದ್ರಕ್ಕೆ ಹೋದೆವು. ಸಿಸ್ಟರ್ ಎದುರಿಗೇ ಐದು ಕಿಲೋ ಕಲ್ಲು ಇಟ್ಟೆವು. ಮುಳ್ಳು ಐದು ಆರುನೂರೈವತ್ತಕ್ಕೆ ಹೋಗಿ ನಿಂತಿತು. ಸಿಸ್ಟರ್ ಮೂರು ಸಲ ಕಲ್ಲು ತೆಗೆದು ಮೂರು ಸಲ ಇಟ್ಟರು. "ದಿನಾ ಸೊನ್ನೆ ನೋಡೇ ಹಾಕ್ತಿದ್ದೆ" ಅಂತ ಒಂದೇ ಮಾತು ಹೇಳಿ, ಕಂಡದ್ದನ್ನು ಕಾಗದದಲ್ಲಿ ಬರೆದು ಸಹಿ ಮಾಡಿ ಕೊಟ್ಟರು.

ಆಸ್ಪತ್ರೆಯ ಮಕ್ಕಳ ವಾರ್ಡಿನ ಹೊರಗೆ ಹಸಿರು ಬಣ್ಣದ ಉದ್ದ ಓಣಿ. ಲಾಂಡ್ರಿ ಹುಡುಗಿ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಟೀಚರ್ ಅವಳ ಪಕ್ಕ, ತನ್ನ ಮಗನನ್ನು ಮಡಿಲಲ್ಲಿ ಹಾಕಿಕೊಂಡು. ದೂರದ ಕುರ್ಚಿಯಲ್ಲಿ ಅತ್ತೆ. ಗುಲಗಂಜಿ ಕಾಗದ ತೋರಿಸಿದ ಕೂಡಲೇ ಆ ಹುಡುಗಿ ಎದ್ದು ಅವಳ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ನೋಡಿ ಅತ್ತೆ, ನೋಡಿ, ನಾನು ಏನೂ ಮಾಡಿಲ್ಲ, ತಕ್ಕಡಿ ಸರಿ ಇರ್ಲಿಲ್ಲ" ಅಂತ ಓಣಿ ತುಂಬ ಕೂಗಿದಳು. ಟೀಚರ್ ಕಣ್ಣೊರೆಸಿಕೊಂಡು, "ನೀನಿಲ್ದಿದ್ರೆ ಇವಳ ಗತಿ ಏನಾಗ್ತಿತ್ತೋ" ಅಂದಳು. ಗುಲಗಂಜಿ ಯಾರ ಮುಖವನ್ನೂ ನೋಡಲಿಲ್ಲ.

ಅಲ್ಲಿಗೆ ಮುಗಿಸಬಹುದಿತ್ತು. ಹುಡುಗಿಯ ಮೇಲಿನ ಅಪವಾದ ಕಳಚಿತ್ತು, ಇವಳು ಅವರ ಪಾಲಿಗೆ ದೇವರಾಗಿದ್ದಳು. ಆದರೆ ಡಾಕ್ಟರು ಹೊರಗೆ ಬಂದು ಕಾಗದ ಓದಿದರು. ನಡುವಯಸ್ಸಿನ ಹೆಂಗಸು, ಕಣ್ಣ ಕೆಳಗೆ ಕಪ್ಪು. ಎರಡು ಸಲ ಓದಿ, "ಹಾಗಾದ್ರೆ ಇದು ಐದು ದಿನದ ವಿಷಯ ಅಲ್ಲ. ಮಗು ಬೆಳೆಯೋದು ಯಾವಾಗ ನಿಲ್ತು ಅಂತ ನನಗೆ ಗೊತ್ತಾಗ್ಬೇಕು. ಮೂತ್ರದಲ್ಲಿ ಸೋಂಕಿದೆ, ಎಷ್ಟು ದಿನದಿಂದ ಒಳಗೇ ಕೂತಿದೆ ಅನ್ನೋದರ ಮೇಲೆ ಕಿಡ್ನಿ ಬಗ್ಗೆ ಯೋಚನೆ ಮಾಡ್ಬೇಕು. ಕಾರ್ಡಿನ ಒಂದು ತೂಕಾನೂ ನಂಬೋಹಾಗಿಲ್ಲ. ಈ ತಕ್ಕಡಿ ಯಾವಾಗಿಂದ ಹೀಗಿದೆ, ಯಾರಿಗಾದ್ರೂ ಅಂದಾಜಿದ್ಯಾ?" ಅಂದರು.

ಗೊತ್ತಿಲ್ಲ ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಾನು ಅವಳ ಕಡೆ ನೋಡಿದೆ, ಗೊತ್ತಿಲ್ಲ ಅನ್ನಲಿ ಅಂತಲೇ ನೋಡಿದೆ. ಗುಲಗಂಜಿ ತನ್ನ ಮಗಳನ್ನು ಭುಜದಿಂದ ಭುಜಕ್ಕೆ ಬದಲಿಸಿದಳು.

"ಹತ್ತನೇ ವಾರ ಮಗು ನಾಲ್ಕು ಆರುನೂರಿತ್ತು ಡಾಕ್ಟ್ರೇ" ಅಂದಳು. "ಹನ್ನೆರಡನೇ ವಾರ ನಾಲ್ಕು ಆರುನೂರು. ಹದಿನಾಲ್ಕರಲ್ಲಿ ನಾಲ್ಕು ಆರುನೂರೈವತ್ತು ಇದ್ರೂ ಇರಬಹುದು, ಅದಕ್ಕಿಂತ ಜಾಸ್ತಿ ಇಲ್ಲ. ಹದಿನಾರರಲ್ಲಿ ಮತ್ತೆ ಆರುನೂರು. ಹದಿನೆಂಟು, ಆರುನೂರು. ಹೋದ ಬುಧವಾರಾನೂ ಆರುನೂರು."

"ಇದೆಲ್ಲ ನಿಮಗೆ ಹೇಗೆ ಗೊತ್ತು?"

"ಎತ್ಕೊಂಡಿದ್ದೆ. ನನ್ನ ಕೈಗೆ ತೂಕ ಗೊತ್ತಾಗುತ್ತೆ. ಹತ್ತನೇ ವಾರ ಕಲ್ಲು ಇಟ್ಟೂ ನೋಡಿದ್ದೆ, ಎರಡು ಕಿಲೋಗೆ ನೂರಿಪ್ಪತ್ತು ಜಾಸ್ತಿ ತೋರಿಸ್ತು."

ಡಾಕ್ಟರು ಅವಳನ್ನೇ ಒಂದು ಗಳಿಗೆ ನೋಡಿದರು. ಕಾರ್ಡಿನ ಹಿಂದೆ ಆ ಅಂಕಿಗಳನ್ನೆಲ್ಲ ಗೀಚಿಕೊಂಡು, "ಎರಡೂವರೆ ತಿಂಗಳು" ಅಂತ ತಮಗೆ ತಾವೇ ಅಂದುಕೊಂಡು ಒಳಗೆ ಹೋದರು. ಮಗು ಉಳಿಯಿತು. ಒಂದು ಕಿಡ್ನಿ ಪೂರ್ತಿ ಸರಿಹೋಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.

ಓಣಿಯಲ್ಲಿ ಲಾಂಡ್ರಿ ಹುಡುಗಿ ಹಿಡಿದಿದ್ದ ಕೈ ಬಿಟ್ಟಳು. ಕೂಗಾಡಲಿಲ್ಲ. ಅವಳ ದನಿ ತೀರಾ ಸಣ್ಣದಾಗಿತ್ತು.

"ಪೈಲ್ವಾನ್ ಅಂತ ಎತ್ಕೊಂಡ್ರಲ್ಲ, ಅವತ್ತೂ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವಿಬ್ರೂ ನನ್ನ ಬಿಟ್ಟುಬಿಡ್ತೀರಿ ಅನ್ನಿಸ್ತು" ಅಂದಳು ಗುಲಗಂಜಿ. "ನನಗೆ ಬೇರೆ ಯಾರೂ ಇರ್ಲಿಲ್ಲ. ಬುಧವಾರ ಒಂದೇ ಇತ್ತು."

"ಟೀ ಕುಡಿಯೋದಕ್ಕಾ?" ಅಂದಳು ಆ ಹುಡುಗಿ. ವ್ಯಂಗ್ಯಕ್ಕೆ ಅನ್ನಲಿಲ್ಲ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ, ಕೇಳಿ ತಿಳಿದುಕೊಳ್ಳುತ್ತಿದ್ದಳು. "ಟೀ ಕುಡಿಯೋದಕ್ಕಾ ಅಕ್ಕ?"

ಗುಲಗಂಜಿ ಮಗಳ ಕಾಲಿನ ಸಾಕ್ಸ್ ಮೇಲೆಳೆದಳು. ನನಗೆ ಬೇರೆ ಯಾರೂ ಇರಲಿಲ್ಲ ಅಂದಳಲ್ಲ, ಆ ಮಾತು ನನ್ನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಆ ಹೊತ್ತಿನಲ್ಲೂ, ಒಳಗೆ ಒಂದು ಕೂಸು ಸೂಜಿ ಚುಚ್ಚಿಸಿಕೊಂಡು ಮಲಗಿರುವಾಗಲೂ, ನನಗೆ ನೋವಾದದ್ದು ಅದಕ್ಕೆ. ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆ.

ಟೀಚರ್ ಎದ್ದು ನಿಂತಿದ್ದಳು. ಅವಳ ಕುತ್ತಿಗೆಯೆಲ್ಲ ಕೆಂಪಾಗಿತ್ತು. "ಇಷ್ಟು ದಿನ ನಮ್ಮ ಮಕ್ಕಳನ್ನ ಮಡಿಲಲ್ಲಿಟ್ಕೊಂಡು, ಎಲ್ಲ ಗೊತ್ತಿದ್ದೂ ನಮ್ಮ ಜೊತೆ ನಗ್ತಾ ಕೂತಿದ್ಯಲ್ಲ. ಈ ವಿಷಯ ಇನ್ನೂ ಯಾರ್‍ಯಾರಿಗೆ ಹೇಳಿದ್ದೆ? ಯಾರ್‍ಯಾರಿಗೆ ಗೊತ್ತಿತ್ತು, ಹೇಳು" ಅಂದಳು.

ನಾನು ಕಲ್ಲಿನ ಪೆಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಈಗ ನನ್ನ ಹೆಸರು ಬರುತ್ತದೆ ಅಂದುಕೊಂಡೆ. ಬಂದರೆ ಒಪ್ಪಿಕೊಳ್ಳಬೇಕು ಅಂತಲೂ ಅಂದುಕೊಂಡೆ. ಹತ್ತನೇ ವಾರವೇ ಹೇಳಿದ್ದಳು, ಹದಿನಾರನೇ ವಾರ ಅತ್ತು ಹೇಳಿದ್ದಳು, ನನಗೂ ಫೋನಿತ್ತು, ನನಗೂ ಬಾಯಿತ್ತು ಅಂತ ಹೇಳಿಬಿಡಬೇಕು ಅಂದುಕೊಂಡೆ.

ಗುಲಗಂಜಿ ನನ್ನ ಕಡೆ ತಿರುಗಲೂ ಇಲ್ಲ. "ಯಾರಿಗೂ ಹೇಳಿರ್ಲಿಲ್ಲ" ಅಂದಳು. "ನನಗೊಬ್ಬಳಿಗೇ ಗೊತ್ತಿತ್ತು."

ನಾನು ಪೆಟ್ಟಿಗೆಯನ್ನು ಎದೆಯಿಂದ ಇಳಿಸಿ ಕೈಗೆ ತೆಗೆದುಕೊಂಡೆ.

ಅವಳು ಮಗಳ ತಲೆಯ ಮೇಲೆ ಸೆರಗು ಎಳೆದುಕೊಂಡು ಓಣಿಯ ತುದಿಗೆ ನಡೆದಳು. ನಾನೂ ಹಿಂದೆ ಹೊರಟೆ. ನಾಲ್ಕು ಹೆಜ್ಜೆ ಇಡುವುದರೊಳಗೆ ಲಾಂಡ್ರಿ ಹುಡುಗಿ ಹಿಂದಿನಿಂದ ಬಂದು ನನ್ನ ಮೊಳಕೈ ಮುಟ್ಟಿದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. "ನೀವು ಯಾರು ಅಂತಲೂ ಗೊತ್ತಿಲ್ಲ ನನಗೆ. ನನಗೋಸ್ಕರ ಅಷ್ಟು ಭಾರ ಹೊತ್ಕೊಂಡು ಬಂದ್ರಿ. ನಿಮ್ಮಿಂದ ತುಂಬಾ ಉಪಕಾರ ಆಯ್ತು ಅಮ್ಮ" ಅಂತ ಕೈ ಮುಗಿದಳು.

"ಇರಲಿ ಬಿಡಮ್ಮ" ಅಂದೆ.